ಕಜುಂಗುವಿನ ತಲೆಯೊಳಗಿನ ಊರು

ಮೊಂಬಾಸಾದ ಈಚೆ ದಡ, ಫೆರಿಗಟ್ಟೆಯ ಬೆನ್ನಿಗೆ ನನ್ನ ಅಂಗಡಿ.
ಮೂರು ಬೈಕು, ಒಂದು ವ್ಯಾನು, ಕುಂಟುವ ಮೇಜು,
ಮೇಜಿನ ಕಾಲಿಗೆ ಒತ್ತಾಗಿ ಸವೆದ ಬ್ರೇಕ್ ಪ್ಯಾಡು.
ಬೋರ್ಡಿನಲ್ಲಿ 'ವಕೇಶೊ ಸಾಗಣೆ' ಅಂತಿದೆ.
ಬಣ್ಣ ಸಾಲದೆ ಕೊನೆಯ ಅಕ್ಷರ ತೆಳು.

ಗೋಡೆಗೆ ಮೊಳೆ, ಮೊಳೆಗೆ ದಾರ, ದಾರಕ್ಕೊಂದು ನೋಟ್‌ಬುಕ್ಕು.
ರಟ್ಟಿನ ಮೇಲೆ ಬರೆದಿದ್ದೇನೆ: 'ಹಾಗಾದರೆ?'
ಫೆರಿ ಕೆಟ್ಟರೆ? ಸಂಜೆಯ ಮಾಲು ನಸುಕಿಗೇ ದಾಟಲಿ.
ಟೈರು ಒಡೆದರೆ? ಎರಡು ಟ್ಯೂಬು, ಒಂದು ಪಂಪು, ಸೀಟಿನಡಿ.
ನೆಟ್‌ವರ್ಕ್ ಸತ್ತರೆ? ಕಾರ್ಬನ್ ಹಾಳೆಯ ರಸೀತಿ ಪುಸ್ತಕ.
ಗಿರಾಕಿ ದುಡ್ಡು ಕೊಡದಿದ್ದರೆ?
ಅಲ್ಲಿ ಬರೀ ಒಂದು ಗೆರೆ ಎಳೆದಿದ್ದೇನೆ, ಉದ್ದಕ್ಕೆ.

ಪಕ್ಕದ ಹೊಲಿಗೆಯಂಗಡಿಯ ಸೌಮು ನಗುತ್ತಾಳೆ:
'ಹುಟ್ಟದ ಕೂಸಿಗೆ ಜ್ವರದ ಮದ್ದು ಅರೀತೀಯಲ್ಲೇ!'
ಅರೆದಿಡುತ್ತೇನೆ ಬಿಡು, ಅಂದೆ.
ಬ್ಯಾಂಕಿನ ಕಂತಿಗೆ ತಮಾಷೆ ತಿಳಿಯುವುದಿಲ್ಲ.

ಮಂಗಳವಾರ, ಗಟ್ಟೆಯ ಇಳಿಜಾರಿನಲ್ಲಿ
ಯಾರದೋ ಮೀನುಬುಟ್ಟಿಯಿಂದ ಸೋರಿದ ನೀರು.
ಬ್ರೇಕು ಸರಿಯಿತ್ತು, ಶನಿವಾರವಷ್ಟೇ ಬಿಗಿಸಿದ್ದು.
ಹೆಲ್ಮೆಟ್ಟು ಸರಿಯಿತ್ತು.
ಇನ್ಸುಲಿನ್ ಡಬ್ಬಿಯ ಮಂಜುಗಡ್ಡೆ ಕೂಡ ಅಲುಗಿರಲಿಲ್ಲ.
ಕಜುಂಗುವಿನ ಮೊಣಕಾಲ ಕೆಳಗಿನ ಎಲುಬು ಮಾತ್ರ
ಒಣ ಮರಗೆಣಸಿನ ಕಡ್ಡಿಯ ಹಾಗೆ.

ಉಳಿದವು ಹದಿನಾಲ್ಕು ಪೊಟ್ಟಣ, ಆಚೆ ದಡದವು.
ಶಿಕಾ ಅಡಾಬುವಿನ ಆ ಓಣಿಗಳಲ್ಲಿ
ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ.
ಚೀಟಿಯ ಮೇಲೆ ಅವನದೇ ಕೋಳಿಗೀಚು:
'ಹಸಿರು ಗೇಟು.' 'ಕುಂಟುವ ಮೇಷ್ಟ್ರು.' 'ನಾಯಿ ಮನೆ.'
ಮ್ವೇರೊ ಹೋಗಿ ಬಂದ, ಬೆವರಿ ತೊಪ್ಪೆ:
ಹಸಿರು ಗೇಟೇ ಇಲ್ಲ. ಮೇಷ್ಟ್ರ ಕಾಲು ಈಗ ವಾಸಿ.
ನಾಯಿಯಿಲ್ಲದ ಮನೆ ಯಾವುದಕ್ಕಾ, ಅದನ್ನಾದರೂ ಹೇಳು.

ಹನ್ನೊಂದು ಮುಟ್ಟಿದವು. ಮೂರು ವಾಪಸು.
ಮೂರರಲ್ಲೊಂದು ಇನ್ಸುಲಿನ್, ಮಂಜೆಲ್ಲ ನೀರು.
ಬಿ ರುಕಿಯಾಳ ಮಗ ತಾನೇ ಫೆರಿ ಹತ್ತಿ ಬಂದ,
ಬೇರೆ ಅಂಗಡಿಯಲ್ಲಿ ಔಷಧಿ ಕೊಂಡ, ನನ್ನೆದುರೇ ಹಾದುಹೋದ.
ಬೈಯಲಿಲ್ಲ.
ಬೈದಿದ್ದರೆ ಗಿರಾಕಿ ಉಳಿಯುತ್ತಿದ್ದ.

ನೋಟ್‌ಬುಕ್ಕು ಮೊದಲಿಂದ ಕೊನೆಗೆ ತಿರುವಿದೆ.
ಕಬ್ಬಿಣಕ್ಕೆ, ರಬ್ಬರಿಗೆ, ಸಮುದ್ರಕ್ಕೆ, ಸರ್ಕಾರಕ್ಕೆ ಹಾಳೆಯಿತ್ತು.
ಒಂದಿಡೀ ಊರು ಒಬ್ಬನೇ ಒಬ್ಬನ ತಲೆಯೊಳಗಿದೆ ಎಂಬುದಕ್ಕೆ
ಹಾಳೆಯಿರಲಿಲ್ಲ.

ರಾತ್ರಿ ಆಸ್ಪತ್ರೆಗೆ ಹೋದೆ. ಪೆನ್ನು, ಬಾಳೆಹಣ್ಣು.
ತೂಗುಬಿಟ್ಟ ಕಾಲು, ಮುಚ್ಚಿದ ಕಣ್ಣು.
ಹೇಳು, ಅಂದೆ. ಹೇಳತೊಡಗಿದ:
ಬಾವಿ ದಾಟಿ ಎಡಕ್ಕೆ, ಸುಟ್ಟ ಲಾರಿಯ ಹತ್ತಿರ ಹಾರ್ನು ಬೇಡ,
ಅಲ್ಲೊಂದು ಹಸುಗೂಸಿದೆ...
ಏಳನೆಯ ಮನೆಗೆ ನಿಂತುಬಿಟ್ಟ.
'ಇದೆಲ್ಲ ಬರಕೊಂಡ ಮೇಲೆ
ನಾನು ಯಾಕೆ ಬೇಕು ಅಕ್ಕಾ ನಿಂಗೆ?'

ನರ್ಸು ಬಂದಳು, ಜ್ವರ ನೋಡಿದಳು, ಹೋದಳು.
ನನ್ನ ಅಪಾಯ ಇಳಿದಷ್ಟೂ
ಅವನದು ಏರುತ್ತಿತ್ತು, ಒಂದೇ ತಕ್ಕಡಿ.
ಇದನ್ನು ನಾನು ಲೆಕ್ಕ ಹಾಕಿರಲಿಲ್ಲ.

ಹೊಸ ಹಾಳೆ ತಿರುವಿದೆ.
ಕಜುಂಗು ಬಿದ್ದರೆ? ಎಲುಬು ಕೂಡುವವರೆಗೆ ಸಂಬಳ.
ಕಾಲು ಸೋತರೆ ಕುರ್ಚಿ: ದಾರಿ ಹೇಳುವವನಿಗೂ ಕೂಲಿಯುಂಟು.
ಓದಿ ಹೇಳಿದೆ. ಸಹಿ ಹಾಕು, ಅಂದ. ಹಾಕಿದೆ.
ತಾರೀಖು? ಅಂದ. ಅದನ್ನೂ ಹಾಕಿದೆ.
ಕೆಳಗೆ, ಅವನಿಗೆ ಕಾಣದಂತೆ, ಸಣ್ಣಕ್ಕೆ:
ವಕೇಶೊ ಬಿದ್ದರೆ?
ಅಲ್ಲಿ ಪೆನ್ನು ನಿಂತಿತು.
ನಾಳೆ ಸೌಮುಗೆ ಇನ್ನೊಂದು ಬೀಗದ ಕೈ ಕೊಡಬೇಕು.
ನಗಲಿ.

ಅವನು ಬಾಳೆಹಣ್ಣು ಸುಲಿದ, ಅರ್ಧ ನನಗೆ ಕೊಟ್ಟ.
'ಬರಕೋ. ನೀಲಿ ಗೇಟು. ಮೊದಲು ಹಸಿರಿತ್ತು,
ಈದ್‌ಗೆ ಬಳಿದರು.
ನಾಯಿಗೆ ಟೋಪಿ ಹಾಕಿದ ಹಾಗೆ ತಲೆ ಬಿಳಿ,
ಕೊಫಿಯಾ ಅಂತ ಹೆಸರು ಹಿಡಿದು ಕರೆ,
ಕಚ್ಚೋದಿಲ್ಲ.'